ಊರ ಕೆರೆಯಲ್ಲಿ ಹಕ್ಕಿಗಳಿಗೆ ನೆಲೆ: ಸ್ವಯಂಸೇವಕರ ಗುಂಪಿಗೊಂದು ಕೈಪಿಡಿ

ಹಕ್ಕಿಗಳಿಗಾಗಿ ಏನಾದರೂ ಮಾಡೋಣವೆಂದು ಸೇರಿದ ಗುಂಪು ಮೊದಲು ಹುಡುಕುವುದು ಸಸಿಗಳನ್ನು. ಜೂನ್ ಮೊದಲ ವಾರ ಕೆರೆಯ ಸುತ್ತ ಗುಂಡಿ ತೋಡಿ, ನರ್ಸರಿಯಲ್ಲಿ ಸಿಕ್ಕಿದ್ದನ್ನು ನೆಟ್ಟು, ಫೋಟೊ ತೆಗೆದು ಮನೆಗೆ ಹೋಗುತ್ತಾರೆ. ಮಾರ್ಚ್ ಹೊತ್ತಿಗೆ ಬಹಳಷ್ಟು ಸಸಿ ಒಣಗಿರುತ್ತವೆ. ಬದುಕಿದವುಗಳಲ್ಲಿ ಎಷ್ಟೋ ಗಿಡಗಳು ಟಿಟ್ಟಿಭ ಮೊಟ್ಟೆಯಿಡುತ್ತಿದ್ದ ಬಯಲನ್ನೋ, ಗದ್ದೆಗೊರವಗಳು ಮೇಯುತ್ತಿದ್ದ ಕೆಸರನ್ನೋ ಮುಚ್ಚಿಕೊಂಡು ಬೆಳೆಯುತ್ತಿರುತ್ತವೆ. ಅದಕ್ಕೇ ಈ ಕೈಪಿಡಿಯ ಕ್ರಮ ಬೇರೆ. ಮೊದಲು ಎಣಿಸಿ, ಆಮೇಲೆ ಕೀಳಿ, ಆಮೇಲೆ ತಾನಾಗಿ ಏನು ಹುಟ್ಟುತ್ತದೆಂದು ಕಾದು ನೋಡಿ. ನೆಡುವುದು ಕೊನೆಗೆ, ಅದೂ ಬೇಕಾದ ಕಡೆ ಮಾತ್ರ.

ಇಲ್ಲಿ ಹೇಳುವುದು ಕರ್ನಾಟಕದ ಬಯಲುಸೀಮೆಯ ಕೆರೆ, ಗೋಮಾಳ, ಗುಂಡುತೋಪುಗಳಿಗೆ ಹೊಂದುವಂಥದ್ದು. ಮಲೆನಾಡು, ಕರಾವಳಿಗಳಲ್ಲಿ ಮಳೆ, ಮಣ್ಣು, ಗಿಡ ಎಲ್ಲವೂ ಬೇರೆ. ಅಲ್ಲಿ ಈ ಅಳತೆಗಳನ್ನು ಹಾಗೆಯೇ ಬಳಸಬೇಡಿ.

ಜಾಗ ಯಾರದು, ಬಳಸುವವರು ಯಾರು

ಸರ್ವೆ ನಂಬರು, ಪಹಣಿ, ಗ್ರಾಮ ನಕ್ಷೆ ಈ ಮೂರನ್ನೂ ತೆಗೆಸಿ. ಸಾಮಾನ್ಯವಾಗಿ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿರುವ ಕೆರೆ ಪಂಚಾಯತ್ ಸಂಸ್ಥೆಗಳ ಕೈಯಲ್ಲಿರುತ್ತದೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಯದು. ಯಾರ ಸುಪರ್ದಿಯೋ ಅವರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಅಧಿಕಾರಿಯ ವರ್ಗಾವಣೆಯ ಜೊತೆಗೇ ಹೊರಟುಹೋಗುತ್ತದೆ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಎಷ್ಟೋ ಕಡೆ ಅದು ಕಾಗದದ ಮೇಲಷ್ಟೇ ಇದೆ. ನಿಮ್ಮ ಕೆಲಸವನ್ನು ಆ ಸಮಿತಿಯ ಹೆಸರಿನಲ್ಲೇ ನಡೆಸಿ. ಸಮಿತಿಗೂ ಜೀವ ಬರುತ್ತದೆ, ನಿಮ್ಮ ದಾಖಲೆಗೂ ಬೆಲೆ ಬರುತ್ತದೆ. ಮರ ಎನ್ನುವಷ್ಟು ಬೆಳೆದ ಯಾವುದನ್ನೇ ಕಡಿಯುವ ಮುನ್ನ, ಅದು ಬಳ್ಳಾರಿ ಜಾಲಿಯೇ ಆಗಿರಲಿ, ಅರಣ್ಯ ಇಲಾಖೆಯನ್ನು ಕೇಳಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಸ್ವಯಂಸೇವಕರಿಗೂ ಅನ್ವಯಿಸುತ್ತದೆ.

ಕಾಗದಕ್ಕಿಂತ ಮುಖ್ಯವಾದದ್ದು ಕೆರೆಯನ್ನು ದಿನವೂ ಬಳಸುವ ಜನ. ತೂಬು ನೋಡಿಕೊಳ್ಳುವ ನೀರಗಂಟಿ, ಮೀನಿನ ಗುತ್ತಿಗೆ ಹಿಡಿದವರು, ಕುರಿ ದನ ಮೇಯಿಸುವವರು, ಬಟ್ಟೆ ಒಗೆಯುವವರು, ಅಚ್ಚುಕಟ್ಟಿನ ರೈತರು. ಇವರನ್ನು ಸಭೆಗೆ ಕರೆಯುವುದಕ್ಕಿಂತ ಅವರ ಹತ್ತಿರ ನೀವೇ ಹೋಗುವುದು ಮೇಲು. ಯಾವ ತಿಂಗಳಲ್ಲಿ ನೀರು ಎಲ್ಲಿಯವರೆಗೆ ಇಳಿಯುತ್ತದೆ, ಕೊಕ್ಕರೆ ಮೊದಲು ಬಂದು ಇಳಿಯುವುದು ಯಾವ ಮೂಲೆಗೆ, ಹಿಂದೆ ಇದ್ದು ಈಗ ಕಾಣದ ಹಕ್ಕಿ ಯಾವುದು ಎಂಬುದನ್ನೆಲ್ಲ ಅವರು ಹೇಳಬಲ್ಲರು. ಮೇಯಿಸುವವರನ್ನು ಹೊರಗಿಟ್ಟು ಬೇಲಿ ಹಾಕಿದರೆ ಆ ಬೇಲಿ ಒಂದು ಬೇಸಿಗೆಯೂ ಉಳಿಯುವುದಿಲ್ಲ. ಅವರಿಗೆ ಸಿಗುವ ಹುಲ್ಲು ಕಡಿಮೆಯಾಗದಂತೆ ಯೋಜನೆ ಮಾಡುವ ಬಗೆಯನ್ನು ಮುಂದೆ ಹೇಳಿದ್ದೇವೆ.

ಮೊದಲ ವರ್ಷ ಎಣಿಕೆ ಮಾತ್ರ

ಇರುವುದೇನೆಂದು ತಿಳಿಯದೆ ಕೈ ಹಾಕಿದರೆ ಕಳೆದುಕೊಂಡದ್ದು ಏನೆಂದೂ ತಿಳಿಯುವುದಿಲ್ಲ. ಕನಿಷ್ಠ ಒಂದು ಮಳೆಗಾಲ, ಒಂದು ಚಳಿಗಾಲ, ಒಂದು ಬೇಸಿಗೆ ಎಣಿಸಿ.

ಜಾಗದಲ್ಲಿ ನಾಲ್ಕರಿಂದ ಆರು ಬಿಂದುಗಳನ್ನು ಗುರುತಿಸಿ: ಏರಿಯ ಮೇಲೊಂದು, ಕೋಡಿಯ ಹತ್ತಿರ ಒಂದು, ನೀರು ಒಳಬರುವ ಕಾಲುವೆಯ ಬಾಯಲ್ಲಿ ಒಂದು, ಹುಲ್ಲಿನಲ್ಲಿ ಒಂದು, ಪೊದೆಗಳ ನಡುವೆ ಒಂದು. ಒಂದಕ್ಕೊಂದು ಕನಿಷ್ಠ 150 ಮೀಟರ್ ದೂರ ಇರಲಿ; ಹತ್ತಿರವಿದ್ದರೆ ಅದೇ ಹಕ್ಕಿಯನ್ನು ಎರಡು ಸಲ ಎಣಿಸುತ್ತೀರಿ. ತಿಂಗಳಿಗೊಮ್ಮೆ, ಸೂರ್ಯೋದಯವಾದ ಎರಡು ಗಂಟೆಯೊಳಗೆ, ಪ್ರತಿ ಬಿಂದುವಿನಲ್ಲೂ ಎರಡು ನಿಮಿಷ ಸುಮ್ಮನೆ ನಿಂತು, ಆಮೇಲೆ 10 ನಿಮಿಷ ಕಂಡದ್ದು ಕೇಳಿದ್ದು ಎಲ್ಲವನ್ನೂ ಬರೆಯಿರಿ. 50 ಮೀಟರ್ ಒಳಗಿನವು ಒಂದು ಕಲಂ, ಹೊರಗಿನವು ಇನ್ನೊಂದು, ಮೇಲೆ ಹಾರಿಹೋದವು ಮೂರನೆಯದು. ನೀರಹಕ್ಕಿಗಳನ್ನು ಎಣಿಸುವಾಗ ಸೂರ್ಯ ಬೆನ್ನ ಹಿಂದಿರಲಿ. ದೊಡ್ಡ ಗುಂಪಿದ್ದರೆ ಹತ್ತು ಹಕ್ಕಿ ಎಷ್ಟು ಜಾಗ ಹಿಡಿಯುತ್ತವೆಂದು ಕಣ್ಣಳತೆ ಮಾಡಿಕೊಂಡು ಹತ್ತತ್ತಾಗಿ ಮುಂದುವರಿಸಿ. 8×42 (ಎಂಟು ಪಟ್ಟು ವರ್ಧನೆ, 42 ಮಿ.ಮೀ ಮಸೂರ) ದುರ್ಬೀನು ಸಾಕು. ಹೆಚ್ಚು ವರ್ಧನೆಯದು ಕೈಯಲ್ಲಿ ಅಲುಗಾಡುತ್ತದೆ.

ಗುಂಪಿನಲ್ಲಿ ಎಲ್ಲರಿಗೂ ಹಕ್ಕಿ ಗುರುತು ಸಿಗಬೇಕಿಲ್ಲ. ಬಲ್ಲವರು ಇಬ್ಬರು, ಬರೆಯುವವರು ಒಬ್ಬರು, ಹೊತ್ತು ನೋಡುವವರು ಒಬ್ಬರು ಇದ್ದರಾಯಿತು. ಗುರುತು ಸಿಗದ್ದನ್ನು ಊಹಿಸಿ ಬರೆಯಬೇಡಿ, ‘ಗುರುತಾಗದ ಉಲಿಯಕ್ಕಿ’ ಎಂದು ಬರೆದರೆ ಏನೂ ನಷ್ಟವಿಲ್ಲ. ಪಟ್ಟಿಯನ್ನು ಹಕ್ಕಿವೀಕ್ಷಕರು ತಾವು ಕಂಡದ್ದನ್ನು ದಾಖಲಿಸುವ ಜಾಲತಾಣವಾದ ಇ-ಬರ್ಡ್‌ಗೆ ಹಾಕಿ. ಜನವರಿಯ ಏಷ್ಯಾ ಜಲಪಕ್ಷಿ ಗಣತಿ ಮತ್ತು ಫೆಬ್ರುವರಿಯ ಹಿತ್ತಲ ಹಕ್ಕಿ ಎಣಿಕೆ ಎರಡರಲ್ಲೂ ನಿಮ್ಮ ಕೆರೆ ಸೇರಲಿ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಜಾತಿಗಳನ್ನು ಪರಿಶೀಲಿಸಿ 178 ಜಾತಿಗಳನ್ನು ಹೆಚ್ಚಿನ ಆದ್ಯತೆಯವೆಂದು ಗುರುತಿಸಿದ್ದು, 30 ಸಾವಿರಕ್ಕೂ ಹೆಚ್ಚು ಹಕ್ಕಿವೀಕ್ಷಕರು ಹೀಗೆ ಹಾಕಿದ ಪಟ್ಟಿಗಳ ಆಧಾರದ ಮೇಲೆ.

ಎಣಿಕೆಯ ಜೊತೆಗೆ ಗೂಡಿನ ಪಟ್ಟಿಯನ್ನೂ ಬರೆಯುತ್ತ ಹೋಗಿ: ಯಾವ ಹಕ್ಕಿ, ಯಾವ ಗಿಡ, ನೆಲದಿಂದ ಎಷ್ಟು ಎತ್ತರ, ಯಾವ ತಿಂಗಳು. ಕೀಳುವ ಕೆಲಸಕ್ಕೆ ತಿಂಗಳು ಗೊತ್ತುಮಾಡಲು ಈ ಪಟ್ಟಿಯೇ ಬೇಕು. ಗೂಡಿನ ಹತ್ತಿರ ಹೋಗದೆ ದೂರದಿಂದಲೇ ನೋಡಿ. ನೀವು ತುಳಿದ ಜಾಡು ಹಿಡಿದು ನಾಯಿ, ಮುಂಗುಸಿ ಗೂಡಿಗೆ ಹೋಗುತ್ತವೆ.

ನೀರಿನ ಆಳ ಮತ್ತು ದಡದ ಇಳಿಜಾರು

ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ಹಕ್ಕಿಗಳಿಗೆ ಅತಿ ಹೆಚ್ಚು ಹಾನಿಯಾಗುವುದು ಇಲ್ಲಿ. ಹೂಳೆತ್ತುವ ಯಂತ್ರ ಅಂಗಳವನ್ನೆಲ್ಲ ಒಂದೇ ಆಳಕ್ಕೆ ಬಗೆದು, ಎತ್ತಿದ ಮಣ್ಣನ್ನು ಸುತ್ತಲೂ ಕಡಿದಾದ ದಂಡೆಯಾಗಿ ಪೇರಿಸಿದರೆ ಕೆರೆ ಬಾಣಲೆಯಂತಾಗುತ್ತದೆ. ಆಗ ಉಳಿಯುವುದು ನೀರುಕಾಗೆ, ನಾಮದ ಕೋಳಿ, ಗುಳುಮುಳುಕಗಳಂಥ ಈಜಿ ಮುಳುಗುವ ಹಕ್ಕಿಗಳು ಮಾತ್ರ.

ಗದ್ದೆಗೊರವ, ಉಲ್ಲಂಕಿಗಳಿಗೆ ಒದ್ದೆ ಕೆಸರು, ಹೆಚ್ಚೆಂದರೆ 5ರಿಂದ 10 ಸೆಂ.ಮೀ ನೀರು ಬೇಕು. ಮೆಟ್ಟುಗಾಲು ಹಕ್ಕಿ, ಬೆಳ್ಳಕ್ಕಿ, ಬಣ್ಣದ ಕೊಕ್ಕರೆಗಳು 10ರಿಂದ 30 ಸೆಂ.ಮೀ ನೀರಿನಲ್ಲಿ ಮೇಯುತ್ತವೆ. ತಲೆ ಮುಳುಗಿಸಿ ಮೇಯುವ ಬಾತುಗಳಿಗೂ ಹೆಚ್ಚುಕಡಿಮೆ ಅಷ್ಟೇ ಆಳ ಸಾಕು. ಹೆಜ್ಜಾರ್ಲೆ (ಪೆಲಿಕನ್), ನೀರುಕಾಗೆಗಳು ಅದಕ್ಕಿಂತ ಆಳಕ್ಕೂ ಹೋಗುತ್ತವೆ. ನೀರು ದಿನದಿನಕ್ಕೆ ಇಳಿಯುತ್ತ ಹೋದಂತೆ ಹೊಸ ಕೆಸರು ತೆರೆದುಕೊಳ್ಳಬೇಕು. ಇಳಿಜಾರಿನ ಲೆಕ್ಕ ನೋಡಿ: ದಡ 1:10ರ ಇಳಿಜಾರಿನಲ್ಲಿದ್ದರೆ ನೀರು 10 ಸೆಂ.ಮೀ ಇಳಿದಾಗ ಒಂದು ಮೀಟರ್ ಅಗಲದ ಕೆಸರುಪಟ್ಟಿ ತೆರೆಯುತ್ತದೆ. 1:2 ಇದ್ದರೆ ತೆರೆಯುವುದು 20 ಸೆಂ.ಮೀ ಮಾತ್ರ.

ಹೂಳೆತ್ತುವುದು ಬೇಡವೆಂದು ಹಟ ಹಿಡಿಯಬೇಡಿ, ರೈತರಿಗೆ ನೀರೂ ಬೇಕು, ಗೋಡುಮಣ್ಣೂ ಬೇಕು. ಇಲಾಖೆಯ ಎಂಜಿನಿಯರರ ಮುಂದೆ, ಅಂದಾಜುಪಟ್ಟಿ ತಯಾರಾಗುವ ಮೊದಲೇ, ಮೂರು ಬೇಡಿಕೆ ಇಡಿ. ಆಳ ಮಾಡುವುದು ಏರಿಯ ಕಡೆಯ ಅರ್ಧದಲ್ಲಿ ಇರಲಿ, ನೀರು ಒಳಬರುವ ಕಡೆಯ ತೆಳು ಅಂಗಳವನ್ನು ಮುಟ್ಟದಿರಲಿ. ಹೊಸದಾಗಿ ರೂಪಿಸುವ ದಡದ ಇಳಿಜಾರು 1:10ಕ್ಕಿಂತ ಕಡಿದಾಗದಿರಲಿ. ಎತ್ತಿದ ಮಣ್ಣು ಹೊಲಗಳಿಗೆ ಹೋಗಲಿ, ಅಂಗಳದೊಳಗೆ ಕಾಲುದಾರಿಯ ಉಂಗುರವಾಗಿ ಬೀಳದಿರಲಿ. ನಡೆದಾಡುವ ದಾರಿ ಬೇಕೇ ಬೇಕೆಂದರೆ ಒಂದು ಬದಿಯನ್ನಾದರೂ ದಾರಿ, ದೀಪ ಎರಡೂ ಇಲ್ಲದೆ ಬಿಡಿಸಿಕೊಳ್ಳಿ.

ನಡುಗಡ್ಡೆ ಮಾಡುವುದಿದ್ದರೆ ತುಂಬಿದ ಕೆರೆಯ ನೀರಿನ ಮಟ್ಟಕ್ಕಿಂತ ಒಂದು ಮೀಟರಾದರೂ ಎತ್ತರವಿರಲಿ, ಸುತ್ತ ಬೇಸಿಗೆಯಲ್ಲೂ ನೀರು ನಿಲ್ಲುವ ಜಾಗದಲ್ಲಿರಲಿ. ನೀರು ಬತ್ತಿ ದಡಕ್ಕೆ ಸೇರಿಕೊಳ್ಳುವ ನಡುಗಡ್ಡೆಗೆ ನಾಯಿಗಳು ನಡೆದುಕೊಂಡೇ ಹೋಗುತ್ತವೆ, ಮರಿಗಳಿಗೆ ಅದು ಬಲೆಯಾಗುತ್ತದೆ. ನೀರು ನಿಂತರೂ ತಾಳಿಕೊಳ್ಳುವ ಕರಿಜಾಲಿ ಇಂಥ ಜಾಗಕ್ಕೆ ಹೇಳಿ ಮಾಡಿಸಿದ ಮರ. ವಿಜಯನಗರ ಜಿಲ್ಲೆಯ ಅಂಕಸಮುದ್ರದ ಕೆರೆಯಲ್ಲಿ ಬಣ್ಣದ ಕೊಕ್ಕರೆ, ನೀರುಕಾಗೆಗಳು ಗೂಡು ಕಟ್ಟುವುದು ನೀರಿನಲ್ಲಿ ನಿಂತ ಕರಿಜಾಲಿಗಳ ಮೇಲೆ. 2024ರಲ್ಲಿ ಅದು ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆಯ ಜೊತೆ ರಾಮ್ಸಾರ್ ಪಟ್ಟಿಗೆ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ಪಟ್ಟಿಗೆ ಸೇರಿತು. ಊರವರು ನೀರಾವರಿಗಾಗಿ ಬಳಸುವ ಕೆರೆಯೊಂದು ಅಲ್ಲಿಯವರೆಗೆ ಹೋಗಬಹುದೆಂಬುದನ್ನು ನಿಮ್ಮ ಪಂಚಾಯಿತಿಯಲ್ಲಿ ಧಾರಾಳವಾಗಿ ಹೇಳಿ.

ಕಳೆ ಕೀಳುವುದು

ಒಂದೇ ಸಲಕ್ಕೆ ಎಲ್ಲವನ್ನೂ ಬೋಳಿಸಬೇಡಿ. ಬಳ್ಳಾರಿ ಜಾಲಿ ಹೊರಗಿನಿಂದ ಬಂದದ್ದು ನಿಜ, ಲಂಟಾನವೂ ಹಾಗೆಯೇ. ಆದರೆ ಬೇರೆ ಪೊದೆಯೇ ಉಳಿದಿಲ್ಲದ ಊರಿನಲ್ಲಿ ಹರಟೆಮಲ್ಲ, ಪಿಕಳಾರ, ಕೆಂಬೂತಗಳು ಗೂಡು ಕಟ್ಟುತ್ತಿರುವುದು ಅವುಗಳಲ್ಲೇ. ವರ್ಷಕ್ಕೆ ಮೂರನೇ ಒಂದು ಭಾಗ ತೆಗೆಯಿರಿ. ತೆಗೆದಲ್ಲಿ ನಾಡಗಿಡ ಹಿಡಿದುಕೊಂಡ ಮೇಲೆ ಮುಂದಿನ ಭಾಗಕ್ಕೆ ಕೈ ಹಾಕಿ.

ನೆಲದ ಮೇಲಿನ ಪೊದೆಗೆ ನವೆಂಬರ್‌ನಿಂದ ಜನವರಿ ಒಳ್ಳೆಯ ಕಾಲ. ಹಿಂಗಾರಿನ ತೇವ ಮಣ್ಣಿನಲ್ಲಿರುತ್ತದೆ, ಮುಂಗಾರಿನಲ್ಲಿ ಗೂಡು ಕಟ್ಟುವ ಗೀಜಗ, ರಾಟವಾಳಗಳ ಮರಿ ಹಾರಿಹೋಗಿರುತ್ತವೆ, ಬೇಸಿಗೆಯಲ್ಲಿ ಕಟ್ಟುವವು ಇನ್ನೂ ಶುರುಮಾಡಿರುವುದಿಲ್ಲ. ಆದರೂ ಪ್ರತಿ ಪೊದೆಯನ್ನೂ ಕೋಲಿನಿಂದ ತಟ್ಟಿ ನೋಡಿಯೇ ಕಡಿಯಿರಿ. ಗೂಡಿಗಾಗಿಯೂ, ಕೊಳಕುಮಂಡಲಕ್ಕಾಗಿಯೂ.

ಲಂಟಾನವನ್ನು ನೆಲಮಟ್ಟದಲ್ಲಿ ಕಡಿದರೆ ಬುಡದಿಂದ ಹತ್ತು ಕವಲು ಚಿಗುರುತ್ತವೆ. ಯಂತ್ರದಿಂದ ಬೇರುಸಹಿತ ಕಿತ್ತರೆ ಮಣ್ಣು ಕದಡಿ, ಅದರಲ್ಲಿ ಮಲಗಿದ್ದ ಬೀಜವೆಲ್ಲ ಮೊಳೆಯುತ್ತದೆ. ಇವೆರಡರ ನಡುವಿನ ದಾರಿ ಹೀಗಿದೆ:

1. ಪೊದೆಯ ಒಂದು ಬದಿಯ ಕೊಂಬೆಗಳನ್ನು ಸವರಿ ಬುಡ ಕಾಣುವಂತೆ ಮಾಡಿ.
2. ಗುದ್ದಲಿಯಿಂದ ಮುಖ್ಯ ಬೇರನ್ನು ನೆಲಮಟ್ಟಕ್ಕಿಂತ 3ರಿಂದ 5 ಸೆಂ.ಮೀ ಕೆಳಗೆ, ಒಂದೆರಡು ಏಟಿಗೆ ಕತ್ತರಿಸಿ. ಚಿಗುರೊಡೆಯುವ ಕಣ್ಣುಗಳು ಇರುವುದು ಬುಡದ ಆ ಗಂಟಿನಲ್ಲೇ.
3. ಇಬ್ಬರು ಸೇರಿ ಪೊದೆಯನ್ನು ಎತ್ತಿ ತಲೆಕೆಳಗಾಗಿ ನಿಲ್ಲಿಸಿ. ಬುಡ ಮಣ್ಣಿಗೆ ತಾಗಿದರೆ ಮತ್ತೆ ಬೇರು ಬಿಡುತ್ತದೆ.
4. ಒಣಗಿದ ಮೇಲೆ ಸೌದೆಗೆ ಕೊಡಿ. ಅಲ್ಲೇ ಬೆಂಕಿ ಹಚ್ಚಬೇಡಿ.

ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಲಂಟಾನದ ಹಣ್ಣು ತಿಂದ ಪಿಕಳಾರ, ಗೊರವಂಕಗಳು ಕೂರುವ ಮರಗಳ ಕೆಳಗೆ ಮುಂದಿನ ಮಳೆಗೆ ಸಸಿಗಳು ದಟ್ಟವಾಗಿ ಏಳುತ್ತವೆ. ಜುಲೈ ಮತ್ತು ಸೆಪ್ಟೆಂಬರ್‌ನಲ್ಲಿ, ಕನಿಷ್ಠ ಮೂರು ವರ್ಷ, ಆ ಮರಗಳ ಬುಡವನ್ನು ಹುಡುಕಿ ಕೈಯಿಂದ ಕೀಳಬೇಕು. ಲಂಟಾನ ತೆಗೆಯುವ ಯೋಜನೆಗಳು ಸೋಲುವುದು ಕಡಿಯುವಾಗ ಅಲ್ಲ. ಎರಡನೆಯ ವರ್ಷ ಯಾರೂ ಬಾರದಿದ್ದಾಗ.

ಬಳ್ಳಾರಿ ಜಾಲಿಯ ಬುಡವನ್ನು ನೆಲದೊಳಗೆ 20ರಿಂದ 30 ಸೆಂ.ಮೀ ವರೆಗೆ ಅಗೆದು ಬೇರಿನ ಗಂಟು ತೆಗೆಯಬೇಕು. ಮೇಲಿಂದ ಕಡಿದದ್ದು ಇನ್ನಷ್ಟು ಪೊದೆಯಾಗಿ ಬರುತ್ತದೆ. ಕಾಯಿ ಬಲಿಯುವ ಮೊದಲು ಕಡಿಯಿರಿ. ದನ ಮೇಕೆಗಳು ಕಾಯಿ ತಿಂದು ಸಗಣಿ, ಹಿಕ್ಕೆಯಲ್ಲಿ ಬೀಜ ಹರಡುತ್ತವೆ. ಇದರ ಮುಳ್ಳು ರಬ್ಬರ್ ಚಪ್ಪಲಿಯನ್ನು ಸಲೀಸಾಗಿ ತೂರಿ ಬರುತ್ತದೆ. ದಪ್ಪ ಅಟ್ಟೆಯ ಬೂಟು ಇಲ್ಲದವರಿಗೆ ಅಂದು ಬೇರೆ ಕೆಲಸ ಕೊಡಿ. ಸೌದೆಯನ್ನು ಇದರಿಂದಲೇ ಪಡೆಯುವ ಮನೆಗಳಿರುತ್ತವೆ. ಕಡಿದ ಸೌದೆ ಅವರಿಗೇ ಮೊದಲು ಸಲ್ಲಲಿ.

ಪಾರ್ಥೇನಿಯಂ ಹೂ ಬಿಡುವ ಮೊದಲು, ಮಳೆ ಬಂದು ಮಣ್ಣು ಮೆದುವಾದಾಗ, ಬೇರುಸಹಿತ ಕಿತ್ತರೆ ಬರುತ್ತದೆ. ಕೈಗವಸು, ಉದ್ದ ತೋಳು, ಮುಖಕ್ಕೆ ಬಟ್ಟೆ ಕಡ್ಡಾಯ. ಉಬ್ಬಸ ಅಥವಾ ಚರ್ಮದ ಅಲರ್ಜಿ ಇರುವವರು ಇದರ ಹತ್ತಿರ ಬರಲೇಬಾರದು. ಕಿತ್ತ ಜಾಗ ಬರಿದಾಗಿ ಉಳಿದರೆ ಮತ್ತೆ ಅದೇ ಬರುತ್ತದೆ, ಹುಲ್ಲು ಹಿಡಿಸುವುದೊಂದೇ ದಾರಿ.

ನೀರಿನಲ್ಲಿ ನೇರಳೆ ಹೂ ಬಿಡುವ, ಉಬ್ಬಿದ ತೊಟ್ಟಿನ ಅಂತರಗಂಗೆಯನ್ನು ತೆಗೆಯುವ ಕಾಲ ಏಪ್ರಿಲ್, ಮೇ. ವಲಸೆ ಬಾತುಗಳು ಹೋಗಿರುತ್ತವೆ, ನೀರು ಇಳಿದಿರುತ್ತದೆ, ಎಲೆಗಳ ಮೇಲೆ ಮೊಟ್ಟೆಯಿಡುವ ದೇವನಕ್ಕಿಗೆ ಮಳೆಗಾಲ ಇನ್ನೂ ಬಂದಿರುವುದಿಲ್ಲ. ಎಳೆದದ್ದನ್ನು ನೀರಂಚಿನಲ್ಲೇ ಬಿಟ್ಟರೆ ಕೊಳೆತು ಅದರ ಸಾರ ಮತ್ತೆ ಕೆರೆಗೇ ಇಳಿಯುತ್ತದೆ. ತುಂಬಿದ ಮಟ್ಟಕ್ಕಿಂತ ಮೇಲೆ ಸಾಗಿಸಿ ಗೊಬ್ಬರದ ಗುಂಡಿಗೆ ಹಾಕಿ. ನೀರು ಒಳಬರುವ ಕಡೆ ಹಗ್ಗಕ್ಕೆ ಖಾಲಿ ಕ್ಯಾನುಗಳನ್ನು ಕಟ್ಟಿ ತೇಲುಬೇಲಿ ಹಾಕಿದರೆ ಹೊಸದಾಗಿ ತೇಲಿ ಬರುವುದು ಒಂದೇ ಕಡೆ ನಿಲ್ಲುತ್ತದೆ. ಪೋಷಕಾಂಶ ತುಂಬಿದ ನೀರಿನಲ್ಲಿ ಈ ಗಿಡ ಸುಮಾರು ಎರಡು ವಾರಕ್ಕೆ ಇಮ್ಮಡಿಸಬಲ್ಲದು, ಬೀಜ ಕೆಸರಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಹಾಗಾಗಿ ಕೆರೆಗೆ ಊರಿನ ಕೊಳಚೆ ಸೇರುತ್ತಿದ್ದರೆ ಮೊದಲು ಅದನ್ನು ತಿರುಗಿಸುವ ಹೋರಾಟ ಮಾಡಿ. ಅದಾಗದೆ ಗಿಡ ಎಳೆಯುವುದು ಸ್ವಯಂಸೇವಕರ ಬೆನ್ನು ಮುರಿಯುವ ಕೆಲಸವಷ್ಟೇ.

ಜೊಂಡು ಹೊರಗಿನದಲ್ಲ, ನಮ್ಮದೇ ಹುಲ್ಲು. ನೇರಳೆ ಜಂಬುಕೋಳಿ, ಉಲಿಯಕ್ಕಿಗಳಿಗೆ ಅದರ ಮರೆ ಬೇಕು. ಆದರೆ ತೆಳುನೀರನ್ನೆಲ್ಲ ಆವರಿಸಿಕೊಂಡರೆ ಮಿಕ್ಕ ಹಕ್ಕಿಗಳಿಗೆ ಜಾಗವಿಲ್ಲ. ಮೂರನೇ ಒಂದು ಭಾಗವನ್ನು ತೇಪೆತೇಪೆಯಾಗಿ ಉಳಿಸಿ, ಉಳಿದದ್ದನ್ನು ನೀರಿನ ಮಟ್ಟಕ್ಕಿಂತ 15 ಸೆಂ.ಮೀ ಕೆಳಗೆ ಕೊಯ್ಯಿರಿ. ಕೊಯ್ದ ಕೂಳೆ ನೀರಿನಲ್ಲಿ ಮುಳುಗಿದ್ದರೆ ಬೇರುಗೆಡ್ಡೆಗೆ ಗಾಳಿ ಸಿಗದೆ ಕೊಳೆಯುತ್ತದೆ. ನೀರಿನ ಮೇಲೆ ನಾಲ್ಕು ಬೆರಳು ಬಿಟ್ಟು ಕೊಯ್ದರೆ ತಿಂಗಳಲ್ಲಿ ಮೊದಲಿನಷ್ಟೇ ನಿಂತಿರುತ್ತದೆ.

ಕಳೆನಾಶಕ ಬೇಡ. ನೀರಿನ ಹತ್ತಿರ ಸಿಂಪಡಿಸಿದ್ದು ಕಪ್ಪೆಗಳನ್ನೂ ಗೊದಮೊಟ್ಟೆಗಳನ್ನೂ ಕೊಲ್ಲುತ್ತದೆ. ಅವು ಹೋದರೆ ಅವನ್ನು ತಿನ್ನುವ ಬೆಳ್ಳಕ್ಕಿಯ ಊಟವೂ ಹೋದಂತೆ.

ಹುಲ್ಲನ್ನು ಹುಲ್ಲಾಗಿಯೇ ಬಿಡಿ

ಗೋಮಾಳವನ್ನು ‘ಖಾಲಿ ಜಾಗ’ ಎಂದು ಕರೆಯುವ ಅಭ್ಯಾಸವೇ ಮೊದಲು ಹೋಗಬೇಕು. ನೆಲಗುಬ್ಬಿ, ಗೌಜಲ, ಬುರ್ಲಿ, ಟಿಟ್ಟಿಭ ಇವೆಲ್ಲ ನೆಲದ ಮೇಲೆಯೇ ಗೂಡು ಮಾಡುವ ಹಕ್ಕಿಗಳು. ಬಯಲಿನಲ್ಲಿ ಮರ ಎದ್ದರೆ ಅದರ ಮೇಲೆ ಕಾಗೆ, ಹದ್ದು ಕೂತು ಅವುಗಳ ಮೊಟ್ಟೆ ಮರಿಗಳನ್ನು ಹೊಂಚುತ್ತವೆ. ಕೃಷ್ಣಮೃಗ ಮತ್ತು ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಹೆಸರಿನಲ್ಲಿ ಗುರುತಿಸಿಕೊಂಡಿದ್ದ ರಾಣೆಬೆನ್ನೂರಿನ ಹುಲ್ಲುಗಾವಲನ್ನು ನೀಲಗಿರಿ ತೋಪುಗಳು ಆವರಿಸಿದವು. ಎರೆಭೂತ ಅಲ್ಲಿಂದ ಕಣ್ಮರೆಯಾಗಿದೆ. 2023ರ ವರದಿಯೂ ಹುಲ್ಲುಗಾವಲಿನಂಥ ತೆರೆದ ನೆಲದ ಹಕ್ಕಿಗಳು ತೀವ್ರವಾಗಿ ಕುಸಿಯುತ್ತಿವೆ ಎಂದೇ ಹೇಳುತ್ತದೆ.

ಹುಲ್ಲಿಗೆ ಬೇಕಾದದ್ದು ವಿರಾಮ. ಜಾಗವನ್ನು ಎರಡು ಪಾಲು ಮಾಡಿ, ಒಂದನ್ನು ಜೂನ್‌ನಿಂದ ಅಕ್ಟೋಬರ್ ಕೊನೆಯವರೆಗೆ ಮೇಯಿಸದೆ ಬಿಡಿ. ಹುಲ್ಲು ತೆನೆಯೊಡೆದು ಬೀಜ ಉದುರಿಸಿದ ಮೇಲೆ, ನವೆಂಬರ್‌ನಲ್ಲಿ ಅದನ್ನು ಕುಡುಗೋಲಿನಿಂದ ಕೊಯ್ದು ಒಯ್ಯಲು ಮೇಯಿಸುವವರಿಗೇ ಬಿಟ್ಟುಕೊಡಿ. ಮುಂದಿನ ವರ್ಷ ಇನ್ನೊಂದು ಪಾಲು. ಬೇಸಿಗೆಗೆ ಒಣಮೇವು ಕೈಗೆ ಸಿಗುವುದರಿಂದ ಈ ಒಪ್ಪಂದಕ್ಕೆ ಸಾಮಾನ್ಯವಾಗಿ ತಕರಾರು ಬರುವುದಿಲ್ಲ. ಕೊಯ್ಯುವಾಗ ಅಲ್ಲಲ್ಲಿ ಒಂದೊಂದು ಮಾರು ಅಗಲದ ಗುಂಪು ಹುಲ್ಲನ್ನು ಬಿಡಲಿ, ಗೌಜಲಕ್ಕೆ ಮರೆ ಬೇಕು. ಜನವರಿಯೊಳಗೆ ಸುತ್ತ ಮೂರು ಮೀಟರ್ ಅಗಲದ ಬೆಂಕಿರೇಖೆ ಸವರಿಸಿ. ದಾರಿಯ ಬದಿ ಬಿಟ್ಟುಹೋದರೆ ರೇಖೆ ಹಾಕಿಯೂ ಪ್ರಯೋಜನವಿಲ್ಲ, ಬೀಡಿಯ ಕಿಡಿ ಬೀಳುವುದು ಅಲ್ಲೇ.

ನೆಡುವುದಾದರೆ

ಎರಡನೆಯ ಮಳೆಗಾಲದ ಕೊನೆಗೆ, ಕಳೆ ತೆಗೆದ ಜಾಗದಲ್ಲಿ ತಾನಾಗಿ ಏನೇನು ಎದ್ದಿದೆ ಎಂದು ನೋಡಿ. ತಂಗಡಿ, ಬಂದರಿಕೆ, ಬಾರೆ, ಬೇವಿನ ಸಸಿಗಳು ಬಂದಿದ್ದರೆ ಅವಕ್ಕೆ ಒಂದೊಂದು ಕೋಲು ನೆಟ್ಟು ಗುರುತು ಮಾಡಿ, ಸುತ್ತಲ ಕಳೆ ತೆಗೆದು ಮುಳ್ಳು ಒಡ್ಡಿ. ತಾನಾಗಿ ಎದ್ದ ಸಸಿಯ ತಾಯಿಬೇರು ನೇರ ಕೆಳಗಿಳಿದಿರುತ್ತದೆ. ಚೀಲದಲ್ಲಿ ಬೆಳೆದದ್ದು ಅದಕ್ಕೆ ಸಾಟಿಯಲ್ಲ.

ಬೀಳು ಉಳಿದ ಕಡೆಗೆ ಗಿಡ ಆರಿಸುವಾಗ ಹಕ್ಕಿಗಳ ಊಟದ ಪಂಚಾಂಗ ಹಾಕಿಕೊಳ್ಳಿ. ಫೆಬ್ರುವರಿ, ಮಾರ್ಚ್‌ನಲ್ಲಿ ಸೂರಕ್ಕಿ, ಗೊರವಂಕ, ಕಾಜಾಣಗಳಿಗೆ ಮುತ್ತುಗ, ಬೂರುಗದ ಹೂವಿನ ಮಕರಂದ. ಬೇಸಿಗೆಯ ಕೊನೆಗೆ, ಮಳೆಯ ಆರಂಭಕ್ಕೆ ನೇರಳೆ, ಕವಳಿ, ಬೇವಿನ ಹಣ್ಣು. ಚಳಿಗಾಲಕ್ಕೆ ಬಾರೆ. ಬೇರೇನೂ ಇಲ್ಲದ ತಿಂಗಳುಗಳನ್ನು ತುಂಬುವುದು ಆಲ, ಅರಳಿ, ಅತ್ತಿ, ಬಸರಿ, ಗೋಣಿ. ಈ ಮರಗಳು ಒಂದೊಂದೂ ಒಂದೊಂದು ಹೊತ್ತಿಗೆ ಹಣ್ಣಾಗುವುದರಿಂದ ಕುಟ್ರುಹಕ್ಕಿ, ಕೋಗಿಲೆ, ಹಸಿರು ಪಾರಿವಾಳಗಳು ವರ್ಷವಿಡೀ ಅವನ್ನೇ ನಂಬಿರುತ್ತವೆ. ಗುಲ್‌ಮೊಹರ್, ಅಕೇಶಿಯಾ, ಸುಬಾಬುಲ್ ಬೇಡ. ಸುಬಾಬುಲ್ಲಂತೂ ಕೆಲವೇ ವರ್ಷಗಳಲ್ಲಿ ತಾನೇ ಕಳೆಯಾಗುತ್ತದೆ.

ಒಂದು ಎಕರೆಯಲ್ಲಿ ಮೂರನೇ ಒಂದು ಭಾಗವನ್ನು ತೆರವಾಗಿ ಬಿಟ್ಟು, ಉಳಿದಲ್ಲಿ ಸುಮಾರು 300 ಗಿಡ ಸಾಕು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮುಳ್ಳುಪೊದೆಗಳಿರಲಿ: ಕವಳಿ, ಕಾರೆ, ಬಾರೆ, ಜೊತೆಗೆ ತಂಗಡಿ, ಬಂದರಿಕೆ. ಅವನ್ನು ಒಂದೂವರೆಯಿಂದ ಎರಡು ಮೀಟರ್ ಅಂತರದಲ್ಲಿ ಗುಂಪುಗುಂಪಾಗಿ ನೆಡಿ, ಸಾಲಾಗಿ ಬೇಡ. ಹೊಂಗೆ, ಬೇವು, ಬಿಳಿಜಾಲಿಗಳಿಗೆ 5ರಿಂದ 6 ಮೀಟರ್, ಆಲದ ಜಾತಿಗೆ 12 ಮೀಟರ್ ಬಿಡಿ. ಒದ್ದೆ ಅಂಚಿಗೆ ಹೊಳೆಮತ್ತಿ, ಕರಿಜಾಲಿ, ಹೊಂಗೆ. ಏರಿಯ ಮೇಲೆ ಮಾತ್ರ ಯಾವ ಮರವನ್ನೂ ನೆಡಬೇಡಿ. ಬೇರು ಸತ್ತು ಕೊಳೆತ ಮೇಲೆ ಉಳಿಯುವ ಪೊಳ್ಳಿನಲ್ಲಿ ನೀರು ದಾರಿ ಮಾಡಿಕೊಂಡು ಏರಿಯೇ ಒಡೆಯಬಹುದು. ಅಲ್ಲಿಗೆ ಗರಿಕೆ ಸಾಕು.

ಬೀಜ ಹತ್ತಿರದ ಮರಗಳಿಂದಲೇ ಬರಲಿ, ಒಂದೇ ಮರದ್ದಲ್ಲ, ಹತ್ತು ಮರಗಳದ್ದು. ಬೇವು, ನೇರಳೆ ಬೀಜಗಳ ಜೀವ ಎರಡು ಮೂರು ವಾರವಷ್ಟೇ. ತಿರುಳು ತೊಳೆದು, ನೆರಳಿನಲ್ಲಿ ಆರಿಸಿ, ಕೂಡಲೇ ಬಿತ್ತಿ. ಕರಿಜಾಲಿಯಂಥ ಗಟ್ಟಿ ಸಿಪ್ಪೆಯ ಬೀಜವನ್ನು ಕುದಿದು ಇಳಿಸಿದ ಬಿಸಿನೀರಿಗೆ ಹಾಕಿ, ಅದರಲ್ಲೇ ಆರಲು ಬಿಟ್ಟು, ಒಂದು ದಿನ ನೆನೆಸಿ. ಆಲ, ಗೋಣಿಯನ್ನು ಬೀಜದ ಗೊಡವೆಯಿಲ್ಲದೆ ಮಳೆಗೆ ಮುಂಚೆ ತೋಳಿನ ದಪ್ಪದ, ಎರಡು ಮೀಟರ್ ಉದ್ದದ ಕೊಂಬೆ ನೆಟ್ಟೇ ಬೆಳೆಸಬಹುದು. ಚೀಲಕ್ಕೆ ಕೆಂಪುಮಣ್ಣು ಎರಡು ಪಾಲು, ಮರಳು ಒಂದು, ಕೊಳೆತ ಕೊಟ್ಟಿಗೆ ಗೊಬ್ಬರ ಒಂದು.

ಗುಂಡಿ 45 ಸೆಂ.ಮೀ ಉದ್ದ, ಅಗಲ, ಆಳ. ಗಟ್ಟಿ ನೆಲವಾದರೆ 60. ಏಪ್ರಿಲ್‌ನಲ್ಲೇ ತೋಡಿ ಬಿಸಿಲಿಗೆ ಬಿಡಿ, ಮೇಲ್ಮಣ್ಣನ್ನು ಬೇರೆ ಗುಡ್ಡೆ ಮಾಡಿ. ನೆಡುವುದು ಎರಡು ಒಳ್ಳೆಯ ಮಳೆ ಬಿದ್ದು ಮಣ್ಣು ಒಂದು ಮೊಳ ಆಳಕ್ಕೆ ನೆನೆದ ಮೇಲೆ. ಮೊದಲ ಮಳೆಗೇ ನೆಟ್ಟರೆ ನಡುವೆ ಬರುವ ಒಣದಿನಗಳಲ್ಲಿ ಸಸಿ ಸಾಯುತ್ತದೆ. ಒಂದರಿಂದ ಒಂದೂವರೆ ಮೀಟರ್ ಎತ್ತರದ, ಒಂದು ವರ್ಷ ದಾಟಿದ ಸಸಿ ಉತ್ತಮ. ಚೀಲ ಹರಿದು ನೋಡಿ: ಬೇರು ತಳದಲ್ಲಿ ಸುರುಳಿ ಸುತ್ತಿದ್ದರೆ ಆ ಸುರುಳಿಯನ್ನು ಕತ್ತರಿಸಿ ನೆಡಿ, ಇಲ್ಲವಾದರೆ ಐದಾರು ವರ್ಷಕ್ಕೆ ಗಾಳಿಗೆ ಬುಡಮೇಲಾಗುತ್ತದೆ. ಬುಡದ ಸುತ್ತ ಒಂದು ಮೀಟರ್ ಕಳೆ ತೆಗೆದು, 10 ಸೆಂ.ಮೀ ದಪ್ಪ ಒಣಹುಲ್ಲು ಹೊದಿಸಿ. ಹೊದಿಕೆ ಕಾಂಡಕ್ಕೆ ತಾಗಿದರೆ ಗೆದ್ದಲು ಹತ್ತುತ್ತದೆ, ನಾಲ್ಕು ಬೆರಳು ಬಿಡಿ. ಕಡಿದ ಜಾಲಿಮುಳ್ಳನ್ನು ಸುತ್ತ ಒಡ್ಡಿದರೆ ಮೇಕೆಯಿಂದ ರಕ್ಷಣೆ.

ಮೊದಲ ಬೇಸಿಗೆ ಫೆಬ್ರುವರಿಯಿಂದ ಮೇ ವರೆಗೆ ಗಿಡವೊಂದಕ್ಕೆ ವಾರಕ್ಕೆ 15 ಲೀಟರ್ ನೀರು ಬೇಕು. 300 ಗಿಡಕ್ಕೆ ವಾರಕ್ಕೆ 4,500 ಲೀಟರ್. ಇಷ್ಟು ನೀರನ್ನು ಎಲ್ಲಿಂದ, ಯಾರು, ಯಾವ ದಿನ ತರುತ್ತಾರೆ ಎಂಬುದಕ್ಕೆ ಉತ್ತರವಿಲ್ಲದಿದ್ದರೆ 300 ನೆಡಬೇಡಿ, 60 ನೆಡಿ. ಬದುಕಿದ ಅರವತ್ತು ಗಿಡಗಳೇ ಹಕ್ಕಿಗಳನ್ನು ಕರೆಯುತ್ತವೆ.

ಗೂಡು, ಪೆಟ್ಟಿಗೆ, ಒಣಮರ

ಒಣಗಿದ ಮರ ದಾರಿಹೋಕರ ಮೇಲೆ ಬೀಳುವಂತಿಲ್ಲದಿದ್ದರೆ ಅದನ್ನು ಕಡಿಯಲು ಬಿಡಬೇಡಿ. ಮರಕುಟಿಗ ಕೊರೆದ ಪೊಟರೆಯಲ್ಲಿ ಮುಂದೆ ಗೊರವಂಕ, ಗಿಳಿ, ಮಡಿವಾಳ, ಹಾಲಕ್ಕಿ ಗೂಬೆಗಳು ಸಂಸಾರ ಹೂಡುತ್ತವೆ. ಅಂಥ ಮರ ಇಲ್ಲದ ಕಡೆ ಮಾತ್ರ ಪೆಟ್ಟಿಗೆ. ಗುಬ್ಬಚ್ಚಿಗೆ 15 ಸೆಂ.ಮೀ ಚೌಕದ ತಳ, ತಳದಿಂದ 15 ಸೆಂ.ಮೀ ಮೇಲೆ 32ರಿಂದ 35 ಮಿ.ಮೀ ತೂತು. ಗೊರವಂಕದ ತೂತು 55 ಮಿ.ಮೀ. ಹಲಗೆ 15 ಮಿ.ಮೀಗಿಂತ ತೆಳುವಾದರೆ ಏಪ್ರಿಲ್ ಬಿಸಿಲಿಗೆ ಮರಿಗಳು ಬೆಂದುಹೋಗುತ್ತವೆ. ತಗಡು, ಪ್ಲಾಸ್ಟಿಕ್ಕಿನ ಪೆಟ್ಟಿಗೆ ಬೇಡವೇ ಬೇಡ. ತಳದಲ್ಲಿ ನಾಲ್ಕು ಸಣ್ಣ ತೂತು, ಮೇಲೆ ಗಾಳಿಕಿಂಡಿ, ಮುಖ ಪೂರ್ವಕ್ಕೋ ಉತ್ತರಕ್ಕೋ. ತೂತಿನ ಕೆಳಗೆ ಕೂರುಗೋಲು ಇಡಬೇಡಿ, ಅದು ಕಾಗೆಗೇ ಅನುಕೂಲ. ಒಳಗೆ ಬಣ್ಣ ಬಳಿಯಬೇಡಿ. ಮುಚ್ಚಳ ತೆರೆಯುವಂತಿದ್ದರೆ ಮರಿ ಹಾರಿದ ಮೇಲೆ ಹಳೆಯ ಗೂಡು ತೆಗೆದು ಸ್ವಚ್ಛ ಮಾಡಬಹುದು.

ಊರೊಳಗಿನ ಹುಣಸೆ, ಆಲದ ಮೇಲೆ ಕೊಕ್ಕರೆ, ಹೆಜ್ಜಾರ್ಲೆಗಳು ಗುಂಪಾಗಿ ಗೂಡು ಕಟ್ಟಿದ್ದರೆ ಬೇರೆಲ್ಲ ಕೆಲಸ ಬಿಟ್ಟು ಮೊದಲು ಆ ಮರಗಳನ್ನು ಉಳಿಸಿ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಈ ಮರಗಳು ಇರುವುದು ಮನೆಗಳ ನಡುವೆ, ಕೆಲವು ಖಾಸಗಿ ಹಿತ್ತಲುಗಳಲ್ಲಿ. ಹಿಕ್ಕೆಯನ್ನು ಗೊಬ್ಬರವಾಗಿ ಬಳಸುವ ರೂಢಿ, ಬಿದ್ದ ಮರಿಗಳನ್ನು ಸಾಕಿ ಬಿಡುವ ಹೆಜ್ಜಾರ್ಲೆ ಬಳಗ ಎರಡೂ ಅಲ್ಲಿ ಬೆಳೆದಿವೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ನಿಮ್ಮೂರಲ್ಲೂ ಮರದ ಯಜಮಾನರ ಜೊತೆ ಮಾತಾಡಿ, ಅವರ ನಷ್ಟವೇನೆಂದು ಕೇಳಿ. ಹುಣಸೆ ಫಸಲು ಬಡಿಯಲಾಗದಿದ್ದರೆ ಅದು ನಿಜವಾದ ನಷ್ಟ. ಬಿದ್ದ ಮರಿಯನ್ನು ಮನೆಗೆ ಒಯ್ಯಬೇಡಿ; ನೆರಳಿನಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಕಾಯ್ದೆಯಡಿ ಗೂಡು, ಮೊಟ್ಟೆಗಳನ್ನು ತೆಗೆಯುವುದು ಅಪರಾಧ. ಗೂಡಿನ ಕಾಲದಲ್ಲಿ ಪಟಾಕಿ, ಡ್ರೋನ್, ಧ್ವನಿಮುದ್ರಿಕೆ ಹಾಕಿ ಹಕ್ಕಿ ಕರೆಯುವ ಛಾಯಾಗ್ರಾಹಕರು, ಮೂವರನ್ನೂ ನಯವಾಗಿ ತಡೆಯಿರಿ.

ಕೆಲಸದ ದಿನ

ಬೆಳಗ್ಗೆ ಆರೂವರೆಯಿಂದ ಒಂಬತ್ತೂವರೆ, ಹನ್ನೆರಡರಿಂದ ಹದಿನೈದು ಜನ. ಅದಕ್ಕಿಂತ ಹೆಚ್ಚಾದರೆ ಗಿಡ ಗುರುತಿಸುವವರು ಸಾಲದೆ ಕವಳಿಯನ್ನೂ ಲಂಟಾನದ ಜೊತೆ ಕಡಿದುಹಾಕುತ್ತಾರೆ. ಉಳಿಸಬೇಕಾದ ಗಿಡಕ್ಕೆಲ್ಲ ಹಿಂದಿನ ದಿನವೇ ಬಿಳಿ ಬಟ್ಟೆಯ ಪಟ್ಟಿ ಕಟ್ಟಿ, ಸಂಜೆ ಬಿಚ್ಚಿಕೊಳ್ಳಿ. ಹಳೆಯ ಮೀನುಬಲೆ, ಗಾಳದ ದಾರ, ಗಾಳಿಪಟದ ಮಾಂಜಾ ಕಂಡಲ್ಲೆಲ್ಲ ಆರಿಸಲು ಒಂದು ಚೀಲ ಸೊಂಟದಲ್ಲಿರಲಿ; ಕಾಲಿಗೆ ದಾರ ಸುತ್ತಿ ಸಾಯುವ ಹಕ್ಕಿಗಳು ಕಡಿಮೆಯೇನಲ್ಲ. ಹಾವು ಕಚ್ಚಿದರೆ ಕೊಯ್ಯುವುದು, ಕಟ್ಟುವುದು, ಹೀರುವುದು ಯಾವುದೂ ಬೇಡ. ಕೈಕಾಲು ಅಲುಗಾಡದಂತೆ ಮಾಡಿ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ನೇರ ಒಯ್ಯಿರಿ. ಆ ಆಸ್ಪತ್ರೆ ಯಾವುದೆಂದು ಮೊದಲೇ ತಿಳಿದಿರಬೇಕು.

ದಾಖಲೆ ಪುಸ್ತಕದಲ್ಲಿ ಆ ದಿನ ಎಷ್ಟು ಚದರ ಮೀಟರ್ ತೆಗೆದಿರಿ, ಯಾವ ಗಿಡ, ಎಷ್ಟು ಜನ ಎಂದು ಬರೆದು, ಅದೇ ಕಲ್ಲಿನ ಮೇಲೆ ನಿಂತು ಅದೇ ದಿಕ್ಕಿಗೆ ಒಂದು ಫೋಟೊ ತೆಗೆಯಿರಿ. ಜನವರಿಯಲ್ಲೊಮ್ಮೆ, ಜುಲೈಯಲ್ಲೊಮ್ಮೆ ಬದುಕಿದ ಸಸಿಗಳನ್ನು ಎಣಿಸಿ, ಸತ್ತವುಗಳ ಮುಂದೆ ಕಾರಣ ಬರೆಯಿರಿ: ನೀರು, ಮೇಕೆ, ಗೆದ್ದಲು, ಬೆಂಕಿ. ಒಂದೇ ಜಾತಿ ಒಂದೇ ಕಡೆ ಸಾಯುತ್ತಿದ್ದರೆ ಮತ್ತೆ ಅದನ್ನೇ ನೆಡದೆ ಅಲ್ಲಿ ಒಂದು ಮೊಳ ಅಗೆದು ನೋಡಿ. ಸಾಮಾನ್ಯವಾಗಿ ಸಿಗುವುದು ಸುಣ್ಣಕಲ್ಲಿನ ಪದರ, ಇಲ್ಲವೇ ಸುರಿದುಹೋದ ಕಟ್ಟಡದ ಅವಶೇಷ. ಹಕ್ಕಿಗಳ ಎಣಿಕೆ ಮೊದಲಿನ ಬಿಂದುಗಳಲ್ಲೇ ನಡೆಯುತ್ತಿರಲಿ. ಕಳೆ ತೆಗೆದ ಮರುವರ್ಷ ಪೊದೆಹಕ್ಕಿಗಳ ಸಂಖ್ಯೆ ಸ್ವಲ್ಪ ಇಳಿಯುವುದು ಸಹಜ. ಮೂರನೆಯ ವರ್ಷವೂ ಏರದಿದ್ದರೆ ನೀವು ಕಡಿಯುತ್ತಿರುವ ವೇಗ ಗಿಡ ಬೆಳೆಯುವ ವೇಗಕ್ಕಿಂತ ಹೆಚ್ಚಾಗಿದೆ ಎಂದರ್ಥ, ಆ ವರ್ಷ ಕುಡುಗೋಲು ಒಳಗಿಡಿ. ದಾಖಲೆ ಪುಸ್ತಕದ ಒಂದು ಪ್ರತಿ ಪ್ರತಿ ಮಾರ್ಚ್‌ನಲ್ಲಿ ಪಂಚಾಯಿತಿ ಕಚೇರಿಗೆ, ಜೀವವೈವಿಧ್ಯ ಸಮಿತಿಯ ಹೆಸರಿಗೆ, ಸ್ವೀಕೃತಿ ಮೊಹರು ಹಾಕಿಸಿಕೊಂಡು ಸಲ್ಲಲಿ.